ರಹೀಮ್ ಮಾಸ್ತರರ ತಿರುಗಾಟ

ನಮ್ಮ ಬೆಳ್ಮಣ್ಣಿನ ಕಡೆ ಏಣೆಲು ಕೊಯ್ಲು ಮುಗಿದು ಗದ್ದೆಯ ಕೂಳೆ ಒಣಗಿತೆಂದರೆ ಹುಡುಗರ ಕಾಲಿಗೆ ಚೆಂಡು ಬಂದಿತೆಂದೇ ಅರ್ಥ. ಅದೇ ದಿನಗಳಲ್ಲಿ ಯಕ್ಷಗಾನ ಮೇಳಗಳೂ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ನಡೆಯುವ ಆ ಪಯಣದಲ್ಲಿ ರಂಗಸ್ಥಳದ ಮೇಲೆ ಪ್ರೇಕ್ಷಕನಿಗೆ ಕಾಣುವುದು ಒಂದು ಅಂಶ ಮಾತ್ರ. ಚೌಕಿಯೊಳಗಿನ ಶಿಸ್ತು, ವೇಷಧಾರಿಗಳ ಮನಸ್ತಾಪ, ಯಜಮಾನನ ಲೆಕ್ಕಾಚಾರ, ಮುಂದಿನ ವರುಷಕ್ಕೆ ಯಾರು ಯಾವ ಮೇಳಕ್ಕೆ ಹೋಗುವರೆಂಬ ಗುಸುಗುಸು - ಇವೆಲ್ಲ ಸೇರಿಯೇ ಒಂದು ತಿರುಗಾಟ. ಕಾಲ್ಚೆಂಡಾಟದ ದೊಡ್ಡ ತಂಡಗಳ ಬಾಳೂ ಇದಕ್ಕಿಂತ ಬೇರೆಯದಲ್ಲವೆಂದು ನನಗೆ ತೋರಿದ್ದು, ಹೈದರಾಬಾದಿನ ಒಬ್ಬ ಶಾಲಾ ಉಪಾಧ್ಯಾಯರ ಜೀವನವೃತ್ತಾಂತವನ್ನು ಅರಿತ ಬಳಿಕ.

ಅವರೇ ಸೈಯದ್ ಅಬ್ದುಲ್ ರಹೀಮ್. ಆಟಗಾರರ ಬಾಯಲ್ಲಿ ರಹೀಮ್ ಸಾಹೇಬರು. ೧೯೫೦ರಿಂದ ೧೯೬೩ರವರೆಗೆ ಹೈದರಾಬಾದ್ ನಗರ ಪೋಲೀಸ್ ತಂಡಕ್ಕೆ ಗುರುವಾಗಿ, ಅದೇ ಅವಧಿಯಲ್ಲಿ ಭಾರತದ ತಂಡವನ್ನು ಎರಡು ಏಷ್ಯನ್ ಕ್ರೀಡಾಕೂಟಗಳ ಸುವರ್ಣಪದಕಕ್ಕೂ ಮೂರು ಒಲಿಂಪಿಕ್ ಕೂಟಗಳಿಗೂ ಕೊಂಡೊಯ್ದವರು. ೨೦೨೪ರಲ್ಲಿ ಅವರ ಬಾಳನ್ನು ಆಧರಿಸಿ ಮೈದಾನ್ ಎಂಬ ಹಿಂದೀ ಚಲಚ್ಚಿತ್ರ ಬಂದ ಮೇಲೆ ಅವರ ಹೆಸರು ಹೊಸ ತಲೆಮಾರಿಗೂ ಪರಿಚಿತವಾಗಿದೆ. ಚಲಚ್ಚಿತ್ರಕ್ಕೆ ಖಳನಾಯಕರು ಬೇಕು, ಏರುದನಿಯ ಸಂಭಾಷಣೆ ಬೇಕು. ರಹೀಮರ ನಿಜವಾದ ಬಾಳಿನಲ್ಲಿ ಇವೆರಡಕ್ಕಿಂತಲೂ ಹೆಚ್ಚಾಗಿದ್ದುದು ಪಾಠಶಾಲೆಯ ಮಾಸ್ತರಿಕೆ.

ಅವರು ಹುಟ್ಟಿದ್ದು ೧೯೦೯ನೆಯ ಇಸವಿ ಆಗಸ್ಟ್ ೧೭ರಂದು, ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಕಲಬುರಗಿ, ಬೀದರ, ರಾಯಚೂರುಗಳೂ ಅಂದು ಅದೇ ಸಂಸ್ಥಾನಕ್ಕೆ ಸೇರಿದ್ದುವಾದುದರಿಂದ ಈ ಕಥೆ ಕನ್ನಡಿಗರಿಗೆ ಪೂರ್ಣವಾಗಿ ಹೊರಗಿನದೆನ್ನುವಂತಿಲ್ಲ. ಅವರು ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ. ೧೯೧೮ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠ ಉಚ್ಚ ಶಿಕ್ಷಣವನ್ನು ಇಂಗ್ಲಿಷಿನಲ್ಲಲ್ಲದೆ ಉರ್ದುವಿನಲ್ಲಿ ಕೊಡತೊಡಗಿದಾಗ ಹಲವರು ಹುಬ್ಬೇರಿಸಿದ್ದರು. ದೇಶಭಾಷೆಯಲ್ಲಿ ಪಾಠ ಹೇಳುವ ನನ್ನಂಥವನಿಗೆ ಈ ಸಂಗತಿ ಕೊಂಚ ಹೆಚ್ಚಾಗಿಯೇ ಮನಸ್ಸಿಗೆ ಹತ್ತಿದರೆ ವಾಚಕರು ಮನ್ನಿಸಬೇಕು. ರಹೀಮರು ಮುಂದೆ ಆಟಗಾರರಿಗೆ ಆಟದ ಸೂಕ್ಷ್ಮಗಳನ್ನು ತಮ್ಮ ನುಡಿಯಲ್ಲಿ, ಹಳ್ಳಿಯಿಂದ ಬಂದ ಪೇದೆಗೂ ತಿಳಿಯುವಂತೆ ಬಿಡಿಸಿ ಹೇಳಬಲ್ಲವರಾಗಿದ್ದರೆಂದರೆ, ಅದಕ್ಕೆ ಈ ಶಿಕ್ಷಣವೂ ಒಂದು ಕಾರಣವಾಗಿರಬೇಕೆಂದು ನನ್ನ ಊಹೆ.

ವಿದ್ಯಾರ್ಥಿದೆಸೆಯಲ್ಲಿ ಅವರು ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದರು. ಇಲೆವೆನ್ ಹಂಟರ್ಸ್ ಎಂಬ ಗೆಳೆಯರ ತಂಡದಲ್ಲಿಯೂ, ಬಳಿಕ ಕಮರ್ ಕ್ಲಬ್ಬಿನಲ್ಲಿಯೂ ಆಡಿದರು. ಆದರೆ ಆಟಗಾರರಾಗಿ ಅವರ ಕೀರ್ತಿ ನಗರದ ಎಲ್ಲೆಯನ್ನು ದಾಟಿ ಹೋದಂತೆ ತೋರುವುದಿಲ್ಲ. ಜೀವನೋಪಾಯಕ್ಕೆ ಅವರು ಹಿಡಿದುದು ಅಧ್ಯಾಪನ ವೃತ್ತಿ. ಕಾಚಿಗುಡಾದ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ - ಹೀಗೆ ಶಾಲೆಯಿಂದ ಶಾಲೆಗೆ ಸಾಗಿತು ಅವರ ಸೇವೆ. ನಡುವೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು ಹುಡುಗರ ಆಟೋಟಗಳ ಹೊಣೆಯನ್ನೂ ಹೊತ್ತರು.

ಇಲ್ಲಿಯೇ ಅವರ ಪ್ರತಿಭೆಯ ಮೂಲ ನಮಗೆ ಕಾಣುವುದು. ಒಳ್ಳೆಯ ಉಪಾಧ್ಯಾಯನು ಹುಡುಗನ ತಪ್ಪನ್ನು ಬೆತ್ತದಿಂದ ತಿದ್ದುವುದಿಲ್ಲ. ಆ ತಪ್ಪು ಮಾಡಲು ಆಸ್ಪದವೇ ಇಲ್ಲದಂಥ ಅಭ್ಯಾಸವನ್ನು ಹೂಡುತ್ತಾನೆ. ನಮ್ಮ ಆಟಗಾರರಿಗೆ ಅಂದು ಇದ್ದ ದೊಡ್ಡ ಚಪಲವೆಂದರೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ವಂಚಿಸುತ್ತ ಓಡುವುದು. ಪ್ರೇಕ್ಷಕರು ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು, ತಂಡ ಮಾತ್ರ ಸೋಲುತ್ತಿತ್ತು. ರಹೀಮರು ಇದನ್ನು ಕಂಡು, ಚೆಂಡನ್ನು ಹಾಗೆ ಕೊಂಡೊಯ್ಯುವುದೇ ನಿಷಿದ್ಧವಾದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಬಂದ ಚೆಂಡನ್ನು ಒಡನೆಯೇ ಸಂಗಡಿಗನಿಗೆ ದಾಟಿಸಬೇಕು, ತಡೆದರೆ ತಪ್ಪು. ಇನ್ನೊಂದು ಬಗೆಯ ಪಂದ್ಯದಲ್ಲಿ ಬಲಗಾಲ ಬಂಟರು ಎಡಗಾಲಿನಿಂದಲೇ ಆಡಬೇಕು, ಎಡಗಾಲಿನವರು ಬಲಗಾಲಿನಿಂದಲೇ. ಪ್ರೇಕ್ಷಕರಿಗೆ ಇದೊಂದು ವಿನೋದವೆನಿಸಿರಬಹುದು. ವರುಷಗಳು ಉರುಳಿದಂತೆ ಹೈದರಾಬಾದಿನ ಮೈದಾನಗಳಿಂದ ಎರಡೂ ಕಾಲು ಪಳಗಿದ, ಚೆಂಡನ್ನು ನೆಲಕ್ಕೆ ಹತ್ತಿರವಾಗಿ ಚುರುಕಾಗಿ ಸಾಗಿಸಬಲ್ಲ ಹುಡುಗರು ಒಬ್ಬೊಬ್ಬರಾಗಿ ಎದ್ದು ಬಂದರು. ದೂರಕ್ಕೆ ಎತ್ತರವಾಗಿ ಚೆಂಡನ್ನು ಒದ್ದು ಅದರ ಹಿಂದೆ ಧಾವಿಸುವ ಆಂಗ್ಲ ಪದ್ಧತಿ ನಮ್ಮವರ ಮೈಕಟ್ಟಿಗೆ ಹೊಂದದೆಂಬುದು ರಹೀಮರ ದೃಢನಿಶ್ಚಯವಾಗಿತ್ತು.

೧೯೪೦ರ ದಶಕದ ಆದಿಯಲ್ಲಿ ಅವರು ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆ ಹೊಣೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಹೈದರಾಬಾದ್ ನಗರ ಪೋಲೀಸ್ ತಂಡ ಅಷ್ಟರಲ್ಲೇ ದಕ್ಷಿಣದೇಶದಲ್ಲಿ ಹೆಸರು ಮಾಡತೊಡಗಿತ್ತು. ೧೯೪೩ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಆಷ್ ಸುವರ್ಣ ಕಪ್ಪಿನ ಅಂತಿಮ ಪಂದ್ಯದಲ್ಲಿ ಅದು ಬ್ರಿಟಿಷ್ ವಾಯುಪಡೆಯ ತಂಡವೊಂದನ್ನು ಮಣಿಸಿತು. ಕ್ರಿಕೆಟ್ಟಿನಲ್ಲೂ ಕಾಲ್ಚೆಂಡಿನಲ್ಲೂ ಹೆಸರಾಂತ ಡೆನಿಸ್ ಕಾಂಪ್ಟನ್ನರು ಸೋತ ತಂಡದಲ್ಲಿ ಆಡಿದ್ದರು. ಯುದ್ಧದ ದಿನಗಳು, ಆಳುವವರ ಸೈನ್ಯದ ತಂಡ, ಎದುರಿಗೆ ಸಂಸ್ಥಾನವೊಂದರ ಪೋಲೀಸರು - ಆ ಗೆಲವಿನ ಸಂಭ್ರಮವನ್ನು ವಾಚಕರೇ ಊಹಿಸಿಕೊಳ್ಳಬಹುದು. ಆಗ ತಂಡದ ಗುರುಗಳಾಗಿದ್ದವರು ನಾರ್ಬರ್ಟ್ ಆಂಡ್ರ್ಯೂ ಫ್ರುವಾಲರು. ಅವರು ಹಾಕಿದ ತಳಹದಿಯನ್ನು ಮರೆತು ಎಲ್ಲವನ್ನೂ ರಹೀಮರ ಲೆಕ್ಕಕ್ಕೇ ಜಮೆ ಮಾಡುವುದು ನ್ಯಾಯವಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದರ ಹಿಂದುಮುಂದಿನ ರಕ್ತಪಾತ, ಅಪನಂಬಿಕೆಗಳ ಕಥೆಯನ್ನು ಇಲ್ಲಿ ಬಿಚ್ಚಬೇಕಾದ ಅಗತ್ಯವಿಲ್ಲ. ನಮ್ಮ ಕಲಬುರಗಿ, ಬೀದರದ ಹಿರಿಯರ ನೆನಪುಗಳಲ್ಲಿ ಅದು ಬಹುಕಾಲ ಮಾಯದ ಗಾಯವಾಗಿ ಉಳಿದಿತ್ತು. ಅಂಥ ನಗರದಲ್ಲಿ, ಅದಾಗಿ ಎರಡೇ ವರುಷಕ್ಕೆ, ಪೋಲೀಸ್ ತಂಡದ ತರಬೇತಿಯ ಭಾರ ರಹೀಮರ ಪಾಲಿಗೆ ಬಂತು. ಹೊರಗೆ ಜನ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದ ಆ ಕಾಲದಲ್ಲಿ, ಹೈದರಾಬಾದಿನ ಹೆಸರನ್ನು ಹೊತ್ತು ಊರೂರು ಸುತ್ತಿ ಮೆಚ್ಚುಗೆ ಗಳಿಸಿ ಬರುವ ಹನ್ನೊಂದು ಮಂದಿ ಆ ನಗರಕ್ಕೆ ಏನಾಗಿ ಕಂಡಿರಬೇಕೆಂಬುದನ್ನು ಗೆದ್ದ ಕಪ್ಪುಗಳ ಪಟ್ಟಿಯಿಂದ ತಿಳಿಯಲಾಗದು.

ಪಟ್ಟಿಯಾದರೂ ಅಲ್ಪವಲ್ಲ. ೧೯೫೦ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಪೋಲೀಸರು ಅದನ್ನು ೧೯೫೪ರವರೆಗೆ ಸತತವಾಗಿ ಐದು ವರುಷ ಬಿಟ್ಟುಕೊಡಲಿಲ್ಲ. ೧೯೫೫ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡ ಅದನ್ನು ಕಸಿದುಕೊಂಡಿತು. ಸ್ವಾತಂತ್ರ್ಯಾನಂತರ ದಿಲ್ಲಿಯಲ್ಲಿ ಮತ್ತೆ ಆರಂಭವಾದ ಡ್ಯೂರಾಂಡ್ ಕಪ್ಪನ್ನು ೧೯೫೦ರಲ್ಲಿಯೇ ಮೋಹನ್ ಬಗಾನಿನವರನ್ನು ಸೋಲಿಸಿ ಗೆದ್ದರು. ರಹೀಮರ ಕಾಲದಲ್ಲಿ ಆ ಕಪ್ಪು ಮತ್ತೆ ಮತ್ತೆ ಹೈದರಾಬಾದಿಗೆ ಬಂತು. ಕಲ್ಕತ್ತೆಯೇ ಕಾಲ್ಚೆಂಡಿನ ಕಾಶಿಯೆಂದು ದೇಶವೆಲ್ಲ ನಂಬಿದ್ದ ಕಾಲವದು. ಆ ಕಾಶಿಯ ಪಂಡಿತರನ್ನು ದಕ್ಷಿಣದ ಪೇದೆಗಳು ವಾದದಲ್ಲಿ ಗೆದ್ದಂತಾಯಿತು.

ಪೇದೆಗಳೆಂದು ಕರೆದುದು ಅಲಂಕಾರಕ್ಕಲ್ಲ. ಆ ತಂಡದವರು ಪೋಲೀಸ್ ಇಲಾಖೆಯ ನೌಕರರೇ. ಆಟವೇ ಅವರನ್ನು ನೌಕರಿಗೆ ತಂದುದಾದರೂ ಕಾಗದದ ಮೇಲೆ ಅವರು ಹವ್ಯಾಸಿಗಳು. ತಿಂಗಳ ಕೊನೆಯಲ್ಲಿ ಕೈಗೆ ಬರುತ್ತಿದ್ದುದು ಇಲಾಖೆಯ ಸಂಬಳ. ನೂರ್ ಮಹಮ್ಮದ್, ಅಜೀಜುದ್ದೀನ್ ಮೊದಲಾದವರು ಹೀಗೆ ಸಮವಸ್ತ್ರದ ನೆರಳಿನಲ್ಲಿಯೇ ಬೆಳೆದು ಒಲಿಂಪಿಕ್ ಆಟಗಾರರಾದರು. ಇಲ್ಲಿ ಒಂದು ಹೋಲಿಕೆ ನನ್ನ ಮನಸ್ಸಿಗೆ ಬರುತ್ತದೆ.

ಫ್ರಾನ್ಸಿನ ಈಶಾನ್ಯದಲ್ಲಿ ರ್‍ಯಾಂಸ್ ಎಂಬ ಊರಿದೆ. ಷಾಂಪೇನ್ ಮದ್ಯಕ್ಕೆ ಪ್ರಸಿದ್ಧವಾದ ಪ್ರಾಂತವದು. ಅಲ್ಲಿಯ ಕಾಲ್ಚೆಂಡಿನ ಸಂಘ ಮೂಲದಲ್ಲಿ ಪೊಮ್ಮೆರಿ ಎಂಬ ಮದ್ಯದ ಮನೆತನದ ನೌಕರರಿಗಾಗಿ ಹುಟ್ಟಿದ್ದು. ೧೯೩೨ರಲ್ಲಿ ಫ್ರಾನ್ಸು ವೃತ್ತಿಪರ ಆಟವನ್ನು ಒಪ್ಪಿಕೊಂಡ ಮೇಲೆ ಕಾಲಕ್ರಮದಲ್ಲಿ ಆ ಸಂಘವೂ ವೃತ್ತಿತಂಡವಾಯಿತು. ಅದಕ್ಕೆ ೧೯೫೦ರಿಂದ ೧೯೬೩ರವರೆಗೆ, ಅಂದರೆ ಸರಿಯಾಗಿ ರಹೀಮರ ಅವಧಿಯಲ್ಲಿಯೇ, ಗುರುವಾಗಿದ್ದವರು ಆಲ್ಬೇರ್ ಬಾತೆ. ಅವರೂ ಒರಟು ಬಲಕ್ಕಿಂತ ಚೆಂಡಿನ ಚುರುಕು ವಿನಿಮಯವನ್ನು ನಂಬಿದವರು. ಅವರೂ ಸಂಘದ ಜತೆಯಲ್ಲಿಯೇ ದೇಶದ ತಂಡವನ್ನೂ ನಡೆಸಿದವರು. ೧೯೫೮ರ ವಿಶ್ವಕಪ್ಪಿನಲ್ಲಿ ಫ್ರಾನ್ಸಿಗೆ ಮೂರನೆಯ ಸ್ಥಾನ ದೊರಕಿಸಿಕೊಟ್ಟವರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದ್ದರೋ ಇಲ್ಲವೋ, ಭೂಮಂಡಲದ ಎರಡು ಕಡೆ ಇಬ್ಬರು ಒಂದೇ ಪಾಠವನ್ನು ಹೇಳುತ್ತಿದ್ದರು.

ಪಾಠ ಒಂದೇ ಆದರೂ ಶಾಲೆ ಬೇರೆ. ರ್‍ಯಾಂಸಿನ ಮಹಾನ್ ಆಟಗಾರ ರೇಮೋಂ ಕೋಪಾ ಬಡ ಗಣಿಕಾರ್ಮಿಕರ ಮಗ. ಬಾಲ್ಯದಲ್ಲಿ ತಾನೂ ಗಣಿಗಿಳಿದು ಕೈಗೆ ಪೆಟ್ಟು ಮಾಡಿಕೊಂಡವನು. ೧೯೫೬ರಲ್ಲಿ ಐರೋಪ್ಯ ಕಪ್ಪಿನ ಮೊತ್ತಮೊದಲ ಅಂತಿಮ ಪಂದ್ಯದಲ್ಲಿ ರ್‍ಯಾಂಸ್ ತಂಡ ಸ್ಪೇನಿನ ರಿಯಲ್ ಮ್ಯಾಡ್ರಿಡ್ಡಿಗೆ ೩-೪ರಿಂದ ಸೋತಿತು. ಗೆದ್ದ ತಂಡವೇ ಕೋಪಾನನ್ನು ಕೊಂಡುಕೊಂಡಿತು. ಬಡವನ ಮಗ ಶ್ರೀಮಂತನಾದನು. ಆದರೆ ಆ ದೇಶದ ಅಂದಿನ ಕರಾರಿನ ಪ್ರಕಾರ ವೃತ್ತಿ ಆಟಗಾರನೊಬ್ಬನು ಮೂವತ್ತೈದು ವಯಸ್ಸಾಗುವವರೆಗೆ ತನ್ನ ಸಂಘಕ್ಕೆ ಕಟ್ಟುಬಿದ್ದವನೇ. ಸಂಘ ಒಪ್ಪಿದರೆ ಮಾತ್ರ ಬಿಡುಗಡೆ. ಇದನ್ನು ದಾಸ್ಯವೆಂದು ಬಹಿರಂಗವಾಗಿ ಖಂಡಿಸಿದ್ದಕ್ಕಾಗಿ ೧೯೬೩ರಲ್ಲಿ ಕೋಪಾನೇ ಶಿಸ್ತುಕ್ರಮಕ್ಕೆ ಗುರಿಯಾದನು. ನಮ್ಮ ಪೇದೆಯನ್ನು ಯಾರೂ ಕೊಳ್ಳಲಿಲ್ಲ, ಮಾರಲಿಲ್ಲ. ಅವನಿಗೆ ಸಂಪತ್ತೂ ಬರಲಿಲ್ಲ. ಕಾಲು ಸೋತ ಮೇಲೆ ನೌಕರಿ ಮಾತ್ರ ಉಳಿಯಿತು. ಯಾವುದು ಲೇಸೆಂದು ಕೇಳಿದರೆ ನಾನು ಉತ್ತರಿಸಲಾರೆ. ಪಿಂಚಣಿಯ ಭರವಸೆಯಲ್ಲಿ ಬದುಕುವ ಅಧ್ಯಾಪಕನ ತೀರ್ಪು ನಿಷ್ಪಕ್ಷಪಾತವಾಗಿರುವುದು ಕಷ್ಟ.

೧೯೫೧ರಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತದ ತಂಡಕ್ಕೆ ರಹೀಮರು ಗುರುಗಳಾದರು. ಇಂಡೊನೇಷ್ಯ, ಅಫ್ಘಾನಿಸ್ತಾನಗಳನ್ನು ದಾಟಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಏಕೈಕ ಗೋಲಿನಿಂದ ಇರಾನನ್ನು ಗೆದ್ದು ಭಾರತ ಸುವರ್ಣಪದಕ ಪಡೆಯಿತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಇದೊಂದು ಹಬ್ಬ.

ಮರುವರುಷವೇ ಹಬ್ಬದ ಮಂಪರು ಇಳಿಯಿತು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಯುಗೋಸ್ಲಾವಿಯ ನಮ್ಮವರನ್ನು ೧೦-೧ರಿಂದ ಸದೆಬಡಿಯಿತು. ಆ ಒಂದೇ ಪಂದ್ಯದೊಂದಿಗೆ ನಮ್ಮ ಕೂಟ ಮುಗಿಯಿತು. ನಮ್ಮ ಮಾನ ಉಳಿಸಿದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಫಿನ್ಲೆಂಡಿನ ಚಳಿ, ಒದ್ದೆ ಹುಲ್ಲು, ಎದುರಿಗೆ ಮೊಳೆಬೂಟಿನ ಆಜಾನುಬಾಹುಗಳು. ಬರಿಗಾಲಿನ ಆಟವನ್ನು ನಾವು ಬಹುಕಾಲ ಒಂದು ಹೆಮ್ಮೆಯಾಗಿ ಹಾಡಿದ್ದೆವು. ಬೂಟಿನ ಗೋರರನ್ನು ಬರಿಗಾಲಿನ ದೇಶೀಯರು ಗೆದ್ದ ಕಥೆಗಳು ಸ್ವಾತಂತ್ರ್ಯ ಹೋರಾಟದ ಭಾಗವೇ ಆಗಿದ್ದುವು. ಒಂದು ಕಾಲದಲ್ಲಿ ಶೌರ್ಯವಾಗಿದ್ದುದು ಇನ್ನೊಂದು ಕಾಲಕ್ಕೆ ಹಟವಾಯಿತು. ಆ ಸೋಲಿನ ತರುವಾಯ ಅಖಿಲ ಭಾರತ ಫುಟ್ಬಾಲ್ ಮಹಾಮಂಡಲ ಬೂಟನ್ನು ಕಡ್ಡಾಯಗೊಳಿಸಿತು.

ರಹೀಮರು ಬೂಟಿನಿಂದಲೇ ಎಲ್ಲ ಸರಿಹೋಗುವುದೆಂದು ನಂಬಿದವರಲ್ಲ. ಅಂದಿನ ರೂಢಿಯಂತೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುತ್ತಿದ್ದರು. ಮುಂದಿನ ಐವರಲ್ಲಿ ಪ್ರತಿಯೊಬ್ಬನೂ ವೀರನೇ. ಹಿಂದೆ ಬಿದ್ದ ಇಬ್ಬರು ಮಾತ್ರ ಅನಾಥರು. ರಹೀಮರು ಈ ವಿನ್ಯಾಸವನ್ನು ಕ್ರಮೇಣ ಮುರಿದರು. ನಡುವಿನ ಮುಂಚೂಣಿಗಾರನನ್ನು ತುಸು ಹಿಂದಕ್ಕೆಳೆದರು, ಹಿಂಬದಿಯನ್ನು ಬಲಪಡಿಸಿದರು. ೧೯೫೮ರಲ್ಲಿ ಬ್ರೆಜಿಲ್ ದೇಶ ಜಗತ್ತಿಗೆಲ್ಲ ತೋರಿಸಿಕೊಟ್ಟ ನಾಲ್ಕು-ಎರಡು-ನಾಲ್ಕರ ವಿನ್ಯಾಸದತ್ತ ಅವರು ಅದಕ್ಕೂ ಮೊದಲೇ ಕಣ್ಣಿಟ್ಟಿದ್ದರೆಂಬುದು ಆಟದ ಇತಿಹಾಸವನ್ನು ಬಲ್ಲವರ ಅಭಿಪ್ರಾಯ. ಇಷ್ಟಾದರೂ ನಮ್ಮ ದೇಶದೊಳಗಿನ ಪಂದ್ಯಗಳ ಅವಧಿ ತೊಂಬತ್ತು ನಿಮಿಷಕ್ಕಿಂತ ಕಡಿಮೆ. ಹೊರದೇಶದಲ್ಲಿ ಕೊನೆಯ ಕಾಲು ಗಂಟೆ ಬಂತೆಂದರೆ ನಮ್ಮವರ ಉಸಿರು ಸೋಲುತ್ತಿತ್ತು. ಆ ಕಾಲು ಗಂಟೆಯೇ ರಹೀಮರ ಬಾಳಿನ ವೈರಿಯಾಗಿತ್ತೆಂದರೆ ಉತ್ಪ್ರೇಕ್ಷೆಯಾಗಲಾರದು.

ಆಟಗಾರರನ್ನು ಹುಡುಕುವ ಅವರ ಕಣ್ಣಿಗೆ ಒಂದು ನಿದರ್ಶನ ತುಳಸೀದಾಸ ಬಲರಾಮರು. ಸಿಕಂದರಾಬಾದಿನ ಆಚೆಯ ಅಮ್ಮುಗುಡದ ಬಡ ಮನೆಯ ಹುಡುಗ. ಅಭ್ಯಾಸಕ್ಕೆ ಬಾರೆಂದು ರಹೀಮರು ಕರೆದರೆ, ದಿನವೂ ಅಷ್ಟು ದೂರ ಬರಲು ಅವನ ಕೈಯಲ್ಲಿ ಕಾಸಿಲ್ಲ. ಬಾಡಿಗೆಯ ಬೈಸಿಕಲ್ಲಿಗೆ ಹಣದ ಏರ್ಪಾಡಾಯಿತು, ಹುಡುಗ ಬಂದನು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ ಕೂಟಕ್ಕೆ ಹೊರಟ ತಂಡದಲ್ಲಿ ಅವನ ಹೆಸರಿತ್ತು. ಸೈಕಲ್ ಬಾಡಿಗೆಯ ಲೆಕ್ಕ ಯಾವ ಸಂಸ್ಥೆಯ ವಾರ್ಷಿಕ ವರದಿಯಲ್ಲೂ ಅಚ್ಚಾಗುವುದಿಲ್ಲ.

ಮೆಲ್ಬರ್ನಿಗೆ ಹೋದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಮೊದಲ ಸುತ್ತಿನ ಎದುರಾಳಿ ಹಂಗೆರಿ. ಆದರೆ ಆ ದೇಶ ಆ ವರುಷದ ಕ್ರಾಂತಿಯ ಬೇಗೆಯಲ್ಲಿ ಬೆಂದು ಕಣಕ್ಕೆ ಇಳಿಯಲಿಲ್ಲ. ಮುಂದೆ ಆತಿಥೇಯ ಆಸ್ಟ್ರೇಲಿಯದ ಮೇಲೆ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಭಾರತ ೪-೨ರಿಂದ ಗೆದ್ದು ಒಲಿಂಪಿಕ್ ಉಪಾಂತ್ಯವನ್ನು ಮುಟ್ಟಿತು. ಏಷ್ಯದ ಯಾವ ದೇಶವೂ ಅದುವರೆಗೆ ಅಲ್ಲಿಗೆ ತಲಪಿರಲಿಲ್ಲ. ಉಪಾಂತ್ಯದಲ್ಲಿ ಮತ್ತೆ ಅದೇ ಯುಗೋಸ್ಲಾವಿಯ. ಡಿಸೋಜರೇ ಮೊದಲ ಗೋಲು ಹೊಡೆದು ನಮ್ಮನ್ನು ಮುಂದಿರಿಸಿದರು. ಕೆಲವು ನಿಮಿಷಗಳ ಕಾಲ ಹೆಲ್ಸಿಂಕಿಯ ಋಣ ತೀರುವಂತೆಯೂ ಕಂಡಿತು. ಕೊನೆಗೆ ೧-೪. ಕಂಚಿಗಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯಕ್ಕೆ ಸೋತು ನಾಲ್ಕನೆಯ ಸ್ಥಾನ. ಒಂಬತ್ತು ಗೋಲಿನ ಅಂತರವನ್ನು ನಾಲ್ಕೇ ವರುಷದಲ್ಲಿ ಇಷ್ಟಕ್ಕೆ ತಂದುದನ್ನು ನಾನು ಅವರ ಪದಕಗಳಿಗಿಂತ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ಆ ವರುಷ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳಾಗಿ ಹಳೆಯ ಹೈದರಾಬಾದ್ ರಾಜ್ಯ ಒಡೆಯಿತು. ಕಲಬುರಗಿ, ಬೀದರ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ರಾಜ್ಯ ಹೋದರೂ ಆಟದಲ್ಲಿ ಅದರ ಹೆಸರು ಒಡನೆ ಅಳಿಯಲಿಲ್ಲ. ೧೯೫೬-೫೭, ೧೯೫೭-೫೮ ಎರಡೂ ಸಾಲಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದೇ ಗೆದ್ದಿತು.

೧೯೬೦ರಲ್ಲಿ ರೋಮ್. ಭಾರತದ ಗುಂಪಿನಲ್ಲಿ ಹಂಗೆರಿ, ಫ್ರಾನ್ಸ್, ಪೆರುಗಳು. ಫ್ರಾನ್ಸಿನ ಹೆಸರು ಕೇಳಿದೊಡನೆ ಹಳಬರಿಗೆ ೧೯೪೮ರ ಲಂಡನ್ ನೆನಪಾಗದಿರಲಿಲ್ಲ. ರಹೀಮರು ಇನ್ನೂ ಭಾರತ ತಂಡದ ಹೊಣೆ ಹೊತ್ತಿರದ ಆ ಕೂಟದಲ್ಲಿ ಭಾರತ ತನ್ನ ಮೊದಲ ಒಲಿಂಪಿಕ್ ಪಂದ್ಯವನ್ನು ಆಡಿದ್ದು ಫ್ರಾನ್ಸಿನ ಮೇಲೆಯೇ. ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದ ಗೋಲು ಒಲಿಂಪಿಕ್ಕಿನಲ್ಲಿ ಭಾರತದ ಮೊದಲನೆಯದಾಯಿತು. ಸಿಕ್ಕಿದ ಎರಡು ಪೆನಾಲ್ಟಿಗಳನ್ನು ನಮ್ಮವರು ಕೈಚೆಲ್ಲಿದರು. ಕೊನೆಯ ಗಳಿಗೆಯಲ್ಲಿ ಫ್ರೆಂಚರು ಎರಡನೆಯ ಗೋಲು ಹೊಡೆದು ೨-೧ರಿಂದ ಗೆದ್ದರು.

ರೋಮ್ ಕೂಟದಲ್ಲಿ ಮೊದಲು ಹಂಗೆರಿಗೆ ೧-೨ರಿಂದ ಸೋತಾಗ ನಮ್ಮ ಗೋಲು ಹೊಡೆದವರು ಬಲರಾಮ್, ಅದೇ ಬಾಡಿಗೆ ಸೈಕಲ್ಲಿನ ಹುಡುಗ. ಆಗಸ್ಟ್ ೨೯ರಂದು ಗ್ರೊಸ್ಸೆಟೊ ಎಂಬ ಪಟ್ಟಣದಲ್ಲಿ ಫ್ರಾನ್ಸಿನೊಡನೆ ಪಂದ್ಯ. ಒಲಿಂಪಿಕ್ಕಿಗೆ ವೃತ್ತಿ ಆಟಗಾರರಿಗೆ ಪ್ರವೇಶವಿರಲಿಲ್ಲವಾಗಿ ಕೋಪಾನಂಥವರು ಅಲ್ಲಿರಲಿಲ್ಲ. ಬಂದವರು ಫ್ರಾನ್ಸಿನ ಹವ್ಯಾಸಿಗಳು. ಹಾಗೆಂದು ಅವರನ್ನು ಹಗುರವಾಗಿ ಕಾಣುವಂತಿರಲಿಲ್ಲ. ಎಪ್ಪತ್ತೊಂದನೆಯ ನಿಮಿಷದಲ್ಲಿ ನಾಯಕ ಪ್ರದೀಪ್ ಕುಮಾರ್ ಬ್ಯಾನರ್ಜಿ ಗೋಲು ಹೊಡೆದರು. ಹನ್ನೆರಡು ವರುಷದ ಹಳೆಯ ನೋವಿಗೆ ಮದ್ದು ಸಿಕ್ಕಿತೆನ್ನುವಷ್ಟರಲ್ಲಿ, ಎಂಬತ್ತೆರಡನೆಯ ನಿಮಿಷದಲ್ಲಿ ಫ್ರಾನ್ಸು ಸಮಮಾಡಿತು. ನಾನು ಹೇಳಿದ ಆ ಕೊನೆಯ ಕಾಲು ಗಂಟೆ! ಪಂದ್ಯ ೧-೧ರಿಂದ ಸಮವಾಗಿಯೇ ಮುಗಿಯಿತು. ಪೆರುವಿಗೆ ೧-೩ರಿಂದ ಸೋತು ತಂಡ ಮರಳಿತು. ಆ ಬಳಿಕ ಭಾರತದ ಕಾಲ್ಚೆಂಡಿನ ತಂಡ ಒಲಿಂಪಿಕ್ ಕೂಟದ ಬಾಗಿಲನ್ನು ಮತ್ತೆ ಪ್ರವೇಶಿಸಿದ್ದೇ ಇಲ್ಲ.

ಆ ತಂಡದ ಜತೆ ರೋಮಿಗೆ ಹೋದವರಲ್ಲಿ ಸೈಯದ್ ಶಾಹಿದ್ ಹಕೀಂ ಎಂಬ ಯುವಕನೂ ಒಬ್ಬ. ಅವನು ರಹೀಮರ ಸ್ವಂತ ಮಗ. ಮೂರು ಪಂದ್ಯಗಳಲ್ಲಿ ಒಂದರಲ್ಲೂ ಅವನು ಕಣಕ್ಕಿಳಿಯಲಿಲ್ಲ. ಮಗನನ್ನು ತಂಡಕ್ಕೆ ಸೇರಿಸಿಕೊಂಡರೆಂದು ಆಡಿಕೊಳ್ಳುವವರು ಇದ್ದಿರಬಹುದು, ಆಡಿಸಲಿಲ್ಲವೆಂದು ಮನೆಯಲ್ಲಿ ಮುಖ ಬಾಡಿರಲೂಬಹುದು. ತನ್ನ ತರಗತಿಯಲ್ಲಿಯೇ ತನ್ನ ಮಗನನ್ನು ಕೂಡಿಸಿಕೊಂಡು ಪಾಠ ಹೇಳಿದ ಉಪಾಧ್ಯಾಯರಿಗೆ ಈ ಸಂಕಟವನ್ನು ವಿವರ ಮಾಡಿ ಹೇಳಬೇಕಾಗಿಲ್ಲ.

ಈ ನಡುವೆ ರಹೀಮರ ದೇಹ ಕುಗ್ಗತೊಡಗಿತ್ತು. ಶ್ವಾಸಕೋಶವನ್ನು ಹಿಡಿದ ಆ ಬೇನೆ ಕ್ಯಾನ್ಸರ್. ೧೯೬೨ರ ಆಗಸ್ಟಿನಲ್ಲಿ ಜಕಾರ್ತದ ನಾಲ್ಕನೆಯ ಏಷ್ಯನ್ ಕೂಟಕ್ಕೆ ತಂಡದೊಡನೆ ಹೊರಟಾಗ ಅವರು ರೋಗಪೀಡಿತರೇ ಆಗಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ ೦-೨ರ ಸೋಲು. ಥಾಯ್ಲೆಂಡನ್ನು ೪-೧ರಿಂದ ಗೆದ್ದರೇನೋ ನಿಜ. ಆ ಪಂದ್ಯದಲ್ಲಿ ಹಿಂಬದಿಯ ಆಧಾರಸ್ತಂಭವಾದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಜಪಾನಿನ ಮೇಲೆ ೨-೦ರ ಜಯ. ಉಪಾಂತ್ಯಕ್ಕೆ ಬಂದಾಗ ರಹೀಮರು ಯಾರೂ ನಿರೀಕ್ಷಿಸದ ಒಂದು ಹೆಜ್ಜೆಯಿಟ್ಟರು. ತಲೆಗೆ ಹೊಲಿಗೆ ಹಾಕಿಸಿಕೊಂಡ ಜರ್ನೈಲರನ್ನು ಕೂಡಿಸಲೂ ಇಲ್ಲ, ಎಂದಿನಂತೆ ಹಿಂದೆ ನಿಲ್ಲಿಸಲೂ ಇಲ್ಲ. ಅವರನ್ನು ಎತ್ತಿ ಮುಂಚೂಣಿಯ ನಡುವಿಗೆ ಹಾಕಿದರು. ಕಾವಲುಗಾರನನ್ನು ದಂಡನಾಯಕನನ್ನಾಗಿ ಮಾಡಿದಂತೆ! ಪೆಟ್ಟಾದ ತಲೆಯನ್ನು ಹಿಂಬದಿಯಲ್ಲಿ ಎದುರಾಳಿಯ ಎತ್ತರದ ಚೆಂಡುಗಳಿಗೆ ಮೇಲಿಂದ ಮೇಲೆ ಒಡ್ಡುವುದಕ್ಕಿಂತ ಇದೇ ಮೇಲೆಂದು ಅವರು ಲೆಕ್ಕ ಹಾಕಿರಬೇಕು. ದಕ್ಷಿಣ ವಿಯೆಟ್ನಾಮಿನ ಮೇಲೆ ಭಾರತ ೩-೨ರಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಜರ್ನೈಲರೂ ಒಬ್ಬರು.

ಅಂತಿಮ ಪಂದ್ಯ ಮತ್ತೆ ದಕ್ಷಿಣ ಕೊರಿಯದೊಡನೆ, ಸೆಪ್ಟೆಂಬರ್ ೪ರಂದು. ಮೈದಾನದ ಹೊರಗೆ ಆಗ ಬೇರೆಯೇ ಬಿರುಗಾಳಿ ಎದ್ದಿತ್ತು. ಇಂಡೊನೇಷ್ಯ ಸರಕಾರ ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳನ್ನು ಕೂಟಕ್ಕೆ ಬರಗೊಡಲಿಲ್ಲ. ಏಷ್ಯನ್ ಕೂಟದ ಸ್ಥಾಪಕರಲ್ಲೊಬ್ಬರಾದ ನಮ್ಮ ಜಿ. ಡಿ. ಸೋಂಧಿಯವರು ಅದನ್ನು ಆಕ್ಷೇಪಿಸಿದರು. ಜಕಾರ್ತದ ಜನ ಕೆರಳಿದರು. ಪಂದ್ಯದ ಹಿಂದಿನ ದಿನ ಭಾರತೀಯ ರಾಯಭಾರ ಕಚೇರಿಯ ಮೇಲೆಯೇ ಗುಂಪು ನುಗ್ಗಿತು. ಮರುದಿನ ಸೆನಾಯನ್ ಕ್ರೀಡಾಂಗಣದಲ್ಲಿ ನೆರೆದ ಸುಮಾರು ಒಂದು ಲಕ್ಷ ಜನ ನಮ್ಮವರು ಚೆಂಡು ಮುಟ್ಟಿದಾಗಲೆಲ್ಲ ಕೂಗಿ ಅಣಕಿಸಿದರು. ಅಷ್ಟು ದೊಡ್ಡ ಜನಸಾಗರದಲ್ಲಿ ನಮ್ಮವರ ಪರವಾಗಿ ಎದ್ದ ಕೂಗು ಪಾಕಿಸ್ತಾನದ ಹಾಕಿ ತಂಡದವರದೆಂದರೆ ಇಂದಿನ ಓದುಗರು ನಂಬುವುದು ಕಷ್ಟ. ಆದರೆ ಅದು ನಡೆದ ಸಂಗತಿ.

ಅಸ್ವಸ್ಥರಾಗಿದ್ದ ಗೋಲಿ ತಂಗರಾಜರನ್ನು ರಹೀಮರು ಅಂತಿಮ ಪಂದ್ಯಕ್ಕೆ ಮರಳಿ ನಿಲ್ಲಿಸಿದರು. ಅವರ ಎತ್ತರ ಕೊರಿಯದವರ ಎದೆಯನ್ನು ಕುಗ್ಗಿಸಲೆಂದು ಇರಬೇಕು. ಹದಿನೇಳನೆಯ ನಿಮಿಷದಲ್ಲಿ ಪ್ರದೀಪ್ ಬ್ಯಾನರ್ಜಿಯವರ ಗೋಲು. ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲರದು, ಹೊಲಿಗೆ ಬಿಚ್ಚದ ತಲೆಯ ಆ ಕಾವಲುಗಾರನದು! ಉಳಿದ ಕಾಲವೆಲ್ಲ ನಮ್ಮವರು ಕೋಟೆ ಕಾದರು. ಕೊನೆಯ ಕಾಲು ಗಂಟೆಯಲ್ಲಿ ಕೊರಿಯ ಒಂದು ಗೋಲನ್ನು ಮರಳಿಸಿತಾದರೂ ಈ ಸಲ ಕೋಟೆ ಬೀಳಲಿಲ್ಲ. ೨-೧. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡಕ್ಕೆ ಸುವರ್ಣಪದಕ. ಪಂದ್ಯದ ಮುನ್ನಾದಿನ ರಹೀಮರು ಹುಡುಗರನ್ನೆಲ್ಲ ಕೂಡಿಸಿ ಮರುದಿನದ ಪದಕವನ್ನು ತಮಗೆ ಕಾಣಿಕೆಯಾಗಿ ಕೊಡಬೇಕೆಂದು ಬೇಡಿಕೊಂಡರೆಂದು ಆ ಆಟಗಾರರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ತಮ್ಮ ಗುರುಗಳಿಗೆ ಇದೇ ಕೊನೆಯ ಕೂಟವೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಹೈದರಾಬಾದಿಗೆ ಮರಳಿದ ಮೇಲೆ ರೋಗ ಉಲ್ಬಣಿಸಿತು. ಕೊನೆಯ ತಿಂಗಳುಗಳನ್ನು ಹಾಸಿಗೆಯಲ್ಲಿಯೇ ಕಳೆದು ೧೯೬೩ರ ಜೂನ್ ೧೧ರಂದು ರಹೀಮರು ತೀರಿಕೊಂಡರು. ವಯಸ್ಸು ಇನ್ನೂ ಐವತ್ತನಾಲ್ಕು ತುಂಬಿರಲಿಲ್ಲ. ಪುರುಷರ ಕಾಲ್ಚೆಂಡಿನಲ್ಲಿ ಏಷ್ಯನ್ ಕೂಟದ ಸುವರ್ಣ ಆ ಬಳಿಕ ಭಾರತಕ್ಕೆ ಬಂದಿಲ್ಲ. ಆಂಧ್ರ ಪೋಲೀಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದ ಅವರ ತಂಡ ಕೆಲವು ಕಾಲ ಹಳೆಯ ಅಭ್ಯಾಸಬಲದಿಂದ ಆಡಿತಾದರೂ ಐದು ವರುಷ ಬಿಡದೆ ಗೆದ್ದ ಆ ತಿರುಗಾಟಗಳು ಮರಳಲಿಲ್ಲ. ರ್‍ಯಾಂಸಿನಲ್ಲಿಯೂ ೧೯೬೩ರಲ್ಲಿ ಬಾತೆ ಗುರುಪೀಠವನ್ನು ಬಿಟ್ಟರು. ಮರುವರುಷವೇ ಆ ವಿಖ್ಯಾತ ಸಂಘ ಎರಡನೆಯ ದರ್ಜೆಗೆ ಇಳಿಯಿತು.

ರೋಮಿನಲ್ಲಿ ಕಣದ ಹೊರಗೆ ಕುಳಿತಿದ್ದ ಹಕೀಮರು ಮುಂದೆ ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾದರು. ೧೯೮೨ರ ದಿಲ್ಲಿ ಏಷ್ಯನ್ ಕೂಟದಲ್ಲಿ, ತಂದೆಯ ಶಿಷ್ಯರಾದ ಪ್ರದೀಪ್ ಬ್ಯಾನರ್ಜಿಯವರ ಜತೆಗೆ ಭಾರತದ ತಂಡಕ್ಕೆ ಸಹಾಯಕ ಗುರುಗಳೂ ಆದರು. ೨೦೨೧ರ ಆಗಸ್ಟಿನಲ್ಲಿ ಅವರು ಕೊನೆಯುಸಿರೆಳೆದುದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.